ಕೈ ಎಕ್ಸಿಮಾ: ಮುಲಾಮು ನಿಲ್ಲಿಸಿದ ಕೂಡಲೇ ಮತ್ತೆ ಶುರು, ಏನು ಮಾಡಲಿ?

ಪ್ರಶ್ನೆ

ಸಲೂನಿನಲ್ಲಿ ಕೆಲಸ ಮಾಡುತ್ತೇನೆ. ದಿನವಿಡೀ ತಲೆ ತೊಳೆಯುವುದು, ಬಣ್ಣ ಹಚ್ಚುವುದು, ಕತ್ತರಿ ಹಿಡಿಯುವುದು. ಮನೆಗೆ ಬಂದರೆ ಪಾತ್ರೆ. ಮೊದಲು ಬೆರಳ ಸಂದಿಯಲ್ಲಿ ಕೆಂಪಾಯಿತು, ಆಮೇಲೆ ಸಿಪ್ಪೆ ಏಳತೊಡಗಿತು. ಈಗ ಗೆಣ್ಣಿನ ಮೇಲೆ ಬಿರುಕು ಬಿಟ್ಟಿದೆ, ಮುಷ್ಟಿ ಹಿಡಿದರೆ ರಕ್ತ ಬರುತ್ತದೆ. ಡಾಕ್ಟರು ಕೈ ಎಕ್ಸಿಮಾ, ಅಂದರೆ ಇಸುಬು, ಎಂದು ಹೇಳಿ ಸ್ಟೀರಾಯ್ಡ್ ಮುಲಾಮು ಕೊಟ್ಟರು. ಹಚ್ಚಿದಷ್ಟು ದಿನ ಆರಾಮ, ಬಿಟ್ಟರೆ ವಾಪಸ್. ಕಸ್ಟಮರ್‌ಗಳು ಅಂಟುರೋಗ ಅಂದುಕೊಂಡು ಹಿಂದೆ ಸರಿಯುತ್ತಾರೆ. ಕೆಲಸ ಬಿಡದೆ ಇದನ್ನು ಹತೋಟಿಗೆ ತರೋಕೆ ಆಗುತ್ತಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಆಸ್ಪತ್ರೆಯಲ್ಲಿ ನರ್ಸ್ ಆಗಿರುವವರು

ಮೊದಲಿಗೆ, ಇದು ಅಂಟುರೋಗ ಅಲ್ಲ. ಯಾರು ಕೇಳಿದರೂ ಧೈರ್ಯವಾಗಿ ಹೇಳಿ. ಕೈ ಮುಟ್ಟಿದರೆ ಬರುವುದಿಲ್ಲ, ಒಂದೇ ಟವೆಲ್ ಬಳಸಿದರೂ ಬರುವುದಿಲ್ಲ.

ಕೆಲಸ ಬಿಡದೆಯೂ ಹತೋಟಿಗೆ ಬರುತ್ತದೆ. ನಾನು ಶಿಫ್ಟ್ ಪೂರ್ತಿ ಕೈ ತೊಳೆಯುತ್ತಲೇ ಇರಬೇಕು, ಆದರೂ ಈಗ ಬಿರುಕು ಬಿಡುವುದು ಅಪರೂಪ. ಆದರೆ ಮುಲಾಮು ಒಂದರಿಂದಲೇ ಆಗಿದ್ದಲ್ಲ. ಅದು ಕೆಂಪು, ತುರಿಕೆ, ಊತ ಇಳಿಸುತ್ತದೆ, ಅಷ್ಟೇ. ಕೈಗೆ ದಿನಾ ಏನು ತಾಗುತ್ತಿದೆ ಅನ್ನೋದನ್ನು ಅದು ಬದಲಾಯಿಸುವುದಿಲ್ಲ. ನಿಮ್ಮ ಕೈ ಇವತ್ತೂ ಅದೇ ಶಾಂಪೂ, ಅದೇ ನೀರಿನಲ್ಲಿದೆ ಅಲ್ವಾ? ಮತ್ತೆ ಬರದೆ ಇನ್ನೇನಾಗುತ್ತದೆ.

ಚರ್ಮದ ಹೊರಪದರದಲ್ಲಿ ಜೀವಕೋಶಗಳ ನಡುವೆ ಜಿಡ್ಡಿನ ಅಂಶ ಇರುತ್ತದೆ. ಒಳಗಿನ ತೇವ ಹೊರಗೆ ಹೋಗದಂತೆ, ಹೊರಗಿನ ಕೆಮಿಕಲ್ ಒಳಗೆ ಇಳಿಯದಂತೆ ತಡೆಯುವುದು ಅದೇ. ಸೋಪು, ಶಾಂಪೂ, ಪಾತ್ರೆ ತೊಳೆಯುವ ಲಿಕ್ವಿಡ್ ಎಲ್ಲವೂ ಜಿಡ್ಡು ತೆಗೆಯೋಕೇ ಇರುವವು. ಕೊಳೆಯ ಜಿಡ್ಡು, ಚರ್ಮದ ಜಿಡ್ಡು ಅಂತ ಅವು ಭೇದ ಮಾಡುವುದಿಲ್ಲ. ಬರೀ ನೀರೂ ಅಷ್ಟೇ, ಪದೇಪದೇ ತಾಗಿದರೆ ಚರ್ಮ ಒಣಗುತ್ತದೆ. ಬೆರಳ ಸಂದಿಯಲ್ಲಿ ಮೊದಲು ಶುರುವಾಗುವುದು ಯಾಕೆಂದರೆ ಅಲ್ಲಿ ಸೋಪು ಸರಿಯಾಗಿ ತೊಳೆದು ಹೋಗಿರುವುದಿಲ್ಲ, ಒದ್ದೆಯೂ ಪೂರ್ತಿ ಆರುವುದಿಲ್ಲ. ಉಂಗುರ ಇದ್ದರೆ ಕೆಲಸದ ಹೊತ್ತಿನಲ್ಲಿ ತೆಗೆದಿಡಿ.

ದಿನಕ್ಕೆ 2 ಗಂಟೆಗಿಂತ ಜಾಸ್ತಿ ಕೈ ಒದ್ದೆಯಾಗಿದ್ದರೆ, ಇಲ್ಲವೇ 20 ಸಲಕ್ಕಿಂತ ಜಾಸ್ತಿ ತೊಳೆದರೆ ಅದು ಕೈಗೆ ಅಪಾಯದ ಒದ್ದೆ ಕೆಲಸ ಅಂತ ಲೆಕ್ಕ. ಗಾಳಿಯಾಡದ ಗ್ಲೌಸ್ 2 ಗಂಟೆಗಿಂತ ಜಾಸ್ತಿ ಹಾಕಿಕೊಳ್ಳುವುದನ್ನೂ ಇದರಲ್ಲೇ ಸೇರಿಸುತ್ತಾರೆ, ಯಾಕೆಂದರೆ ಒಳಗೆ ಬೆವರಿನಲ್ಲಿ ಕೈ ನೆನೆಯುತ್ತದೆ. ಸಲೂನಿನಲ್ಲಿ ಈ ಲೆಕ್ಕ ಮಧ್ಯಾಹ್ನಕ್ಕೇ ದಾಟುತ್ತದೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಕೈ ತೊಳೆಯುವುದನ್ನು ಕಡಿಮೆ ಮಾಡಿದ್ದು. ಕೈಯಲ್ಲಿ ಕೊಳೆ ಕಾಣದಿದ್ದರೆ ಸೋಪಿನ ಬದಲು ಆಲ್ಕೋಹಾಲ್ ಸ್ಯಾನಿಟೈಸರ್. ಬಿರುಕಿದ್ದರೆ ಉರಿಯುತ್ತದೆ, ನಿಜ. ಹಾಗಂತ ಅದು ಅಲರ್ಜಿ ಅಲ್ಲ, ಸೋಪಿನಷ್ಟು ಚರ್ಮವನ್ನು ಕೆಡಿಸುವುದೂ ಇಲ್ಲ. ತೊಳೆಯಲೇಬೇಕಾದರೆ ಉಗುರುಬೆಚ್ಚಗಿನ ನೀರು, ವಾಸನೆ ಇಲ್ಲದ ಮೃದು ಕ್ಲೆನ್ಸರ್. ಬೆರಳ ಸಂದಿಯವರೆಗೂ ಒತ್ತಿ ಒರೆಸಿ, ಉಜ್ಜಬೇಡಿ. ಕೂಡಲೇ ಮಾಯಿಶ್ಚರೈಸರ್.

ಮಾಯಿಶ್ಚರೈಸರ್ ಅಂದರೆ ಪಂಪ್ ಒತ್ತಿದರೆ ನೀರಿನ ಹಾಗೆ ಬರುವ ಲೋಷನ್ ಅಲ್ಲ. ಅದು ಸಾಲುವುದಿಲ್ಲ. ಹಗಲು ದಪ್ಪ ಕ್ರೀಮ್, ರಾತ್ರಿ ಪೆಟ್ರೋಲಿಯಂ ಜೆಲ್ಲಿ ಥರದ್ದು ಹಚ್ಚಿ ಮೇಲೆ ಹತ್ತಿಯ ಗ್ಲೌಸ್. ಸುವಾಸನೆ ಇರುವುದು ಬೇಡ. ನೀವು ಬಿಡುವಾದಾಗೊಮ್ಮೆ ಹಚ್ಚುತ್ತಿದ್ದರೆ ಅದರಿಂದ ಹೆಚ್ಚು ಪ್ರಯೋಜನ ಆಗುವುದಿಲ್ಲ. ಪ್ರತಿ ಸಲ ಒದ್ದೆಯಾದ ಮೇಲೂ ಹಚ್ಚಬೇಕು. ಹೆಬ್ಬೆರಳು, ಉಗುರಿನ ಸುತ್ತ, ಬೆರಳ ಸಂದಿ, ಇವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನಾನು ಕ್ರೀಮನ್ನು ಮೊದಲು ಕೈಯ ಹಿಂಭಾಗಕ್ಕೆ ಹಾಕಿ, ಎರಡೂ ಹಿಂಗೈ ಒಂದಕ್ಕೊಂದು ತಿಕ್ಕಿ, ಆಮೇಲೆ ಸಂದಿಗಳಿಗೆ ಹೋಗುತ್ತೇನೆ. ಅಂಗೈಗೆ ಕೊನೆಗೆ. ಹೀಗೆ ಮಾಡಿದರೆ ಕತ್ತರಿ ಜಾರುವುದೂ ಕಡಿಮೆ.

ಮೊದಲು ಸಲೂನಿನಲ್ಲಿದ್ದವರು

ನರ್ಸ್ ಮೇಡಂ ಹೇಳಿದ್ದೆಲ್ಲ ಸರಿ. ಆದರೆ ನಮ್ಮ ಕೆಲಸದಲ್ಲಿ ಇನ್ನೊಂದು ಇದೆ, ಅದನ್ನು ಬಿಡಬಾರದು. ಸೋಪು ನೀರಿನಿಂದ ಬರುವುದು ಬರೀ ಸವಕಳಿ. ಯಾರಿಗೆ ಬೇಕಾದರೂ ಬರಬಹುದು, ಕಡಿಮೆ ತಾಗಿದರೆ ಕಡಿಮೆ ಆಗುತ್ತದೆ. ಅಲರ್ಜಿಯಿಂದ ಬರುವುದು ಬೇರೆ ಲೆಕ್ಕ. ಒಂದು ಸಲ ಅಲರ್ಜಿ ಆದರೆ ಆ ವಸ್ತು ಚೂರು ತಾಗಿದರೂ ಸಾಕು. ಅದೂ ತಾಗಿದ ಒಂದೆರಡು ದಿನ ಆದ ಮೇಲೆ ತುರಿಕೆ ಶುರುವಾಗುವುದರಿಂದ ಯಾವುದರಿಂದ ಬಂತು ಅಂತಲೇ ಗೊತ್ತಾಗುವುದಿಲ್ಲ. ವರ್ಷಗಟ್ಟಲೆ ಏನೂ ಆಗದೆ ಬಳಸಿದ ವಸ್ತುವಿಗೂ ಹೀಗಾಗುತ್ತದೆ. ಹಾಗಾಗಿ «ಇದನ್ನು ಮೊದಲಿನಿಂದಲೂ ಬಳಸುತ್ತಿದ್ದೇನೆ, ಇದಲ್ಲ» ಅನ್ನುವ ವಾದ ನಡೆಯುವುದಿಲ್ಲ.

ಪ್ಯಾಚ್ ಟೆಸ್ಟ್ ಮಾಡಿಸಿ. ಬೆನ್ನಿಗೆ ಸಾಲುಸಾಲಾಗಿ ಚಿಕ್ಕ ಬಟ್ಟಲಿನಂಥ ಚಕ್ರಗಳಿರುವ ಪಟ್ಟಿ ಅಂಟಿಸುತ್ತಾರೆ, ಒಂದೊಂದರಲ್ಲಿ ಒಂದೊಂದು ವಸ್ತು. 48 ಗಂಟೆ ಇಟ್ಟು ತೆಗೆಯುತ್ತಾರೆ, ಪೆನ್ನಿನಲ್ಲಿ ಗುರುತು ಹಾಕುತ್ತಾರೆ. ಇನ್ನೊಂದೆರಡು ದಿನ ಬಿಟ್ಟು ಮತ್ತೆ ನೋಡುತ್ತಾರೆ. ಈ ಎರಡನೇ ಸಲ ತಪ್ಪಿಸಬೇಡಿ, ಕೆಲವು ತಡವಾಗಿಯೇ ಏಳುತ್ತವೆ. ನನ್ನ ಬೆನ್ನಿನಲ್ಲಿ ಒಂದು ಚೌಕ ಕೆಂಪಗೆ ಉಬ್ಬಿ, ಒಳಗೆ ಸಣ್ಣ ನೀರುಗುಳ್ಳೆ ಎದ್ದಿದ್ದವು. ಅದು ಪಿಪಿಡಿ, ಅಂದರೆ ಕಪ್ಪು ಹೇರ್ ಡೈನಲ್ಲಿರುವ ಬಣ್ಣದ ಪದಾರ್ಥ. ರಕ್ತ ಪರೀಕ್ಷೆಯಲ್ಲಾಗಲಿ, ಚರ್ಮ ಚುಚ್ಚಿ ನೋಡುವ ಟೆಸ್ಟ್‌ನಲ್ಲಾಗಲಿ ಇದು ಸಿಗುವುದಿಲ್ಲ. ಯಾರಾದರೂ ಅದನ್ನು ಮಾಡಿಸಿ ಅಂದರೆ ಸುಮ್ನೆ ದುಡ್ಡು ದಂಡ.

ನಮ್ಮವರಲ್ಲಿ ಜಾಸ್ತಿ ಕಾಣುವವು ಪಿಪಿಡಿ, ಬ್ಲೀಚ್ ಪುಡಿಯ ಪರ್ಸಲ್ಫೇಟ್, ಸುವಾಸನೆ, ಶಾಂಪೂ ಕೆಡದಂತೆ ಹಾಕುವ ಪ್ರಿಸರ್ವೇಟಿವ್, ನಿಕ್ಕೆಲ್. ಪ್ರಿಸರ್ವೇಟಿವ್‌ಗಳಲ್ಲಿ ಮಿಥೈಲ್‌ಐಸೋಥಯಾಜೊಲಿನೋನ್ ಅನ್ನುವ ಹೆಸರನ್ನು ಲೇಬಲ್‌ನಲ್ಲಿ ಹುಡುಕಿ. ಅಲರ್ಜಿ ಎಷ್ಟು ಜನಕ್ಕೆ ಆಯಿತೆಂದರೆ ಯುರೋಪಿನಲ್ಲಿ 2017ರಿಂದ ತೊಳೆಯದೆ ಹಾಗೇ ಬಿಡುವ ಕ್ರೀಮ್, ಲೋಷನ್‌ಗಳಲ್ಲಿ ಅದನ್ನು ಹಾಕುವಂತಿಲ್ಲ. ಉಗುರಿಗೆ ಜೆಲ್ ಹಾಕುವ ಕೆಲಸವೂ ಇದ್ದರೆ ಆ ಜೆಲ್‌ನಲ್ಲಿರುವ ಅಕ್ರಿಲೇಟ್ ಬಗ್ಗೆಯೂ ಡಾಕ್ಟರಿಗೆ ಹೇಳಿ, ಅದು ತೆಳು ಗ್ಲೌಸನ್ನು ಬೇಗನೇ ದಾಟಿಬಿಡುತ್ತದೆ. ಕತ್ತರಿಯಲ್ಲಿ ನಿಕ್ಕೆಲ್ ಇದೆಯಾ ಅಂತ ನೋಡಲು ಒಂದು ದ್ರವ ಸಿಗುತ್ತದೆ. ಹತ್ತಿಗೆ ಹಾಕಿ ಹಿಡಿಯನ್ನು ಉಜ್ಜಿದರೆ, ನಿಕ್ಕೆಲ್ ಬಿಡುತ್ತಿದ್ದರೆ ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ.

ಒಂದು ಚಿಕ್ಕ ಉಪಾಯ: ಕೂದಲು ಮೊದಲು ಕತ್ತರಿಸಿ, ಆಮೇಲೆ ಬಣ್ಣ ಹಚ್ಚಿ. ಆಗ ಹೊಸ ಬಣ್ಣದ ಕೂದಲನ್ನು ಬರಿಗೈಯಲ್ಲಿ ಹಿಡಿಯುವ ಪ್ರಮೇಯವೇ ಬರುವುದಿಲ್ಲ. ಬಣ್ಣ ಕಲಸುವಾಗ, ಹಚ್ಚುವಾಗ, ತೊಳೆಯುವಾಗ, ಮೂರಕ್ಕೂ ನೈಟ್ರೈಲ್ ಗ್ಲೌಸ್. ಬಹಳ ಜನ ತೊಳೆಯುವಾಗ ತೆಗೆದುಬಿಡುತ್ತಾರೆ. ಒಮ್ಮೆ ಬಳಸಿದ ಗ್ಲೌಸನ್ನು ಒಳಹೊರಗು ತಿರುಗಿಸಿ ಮತ್ತೆ ಹಾಕಿಕೊಳ್ಳುವುದು ಮಾತ್ರ ಬೇಡವೇ ಬೇಡ, ಬಣ್ಣವನ್ನು ಕೈಗೇ ಕಟ್ಟಿಕೊಂಡ ಹಾಗೆ. ಗ್ಲೌಸ್ ಒಣಗಿದ ಕೈಗೆ ಹಾಕಿ, ಕೆಲಸ ಮುಗಿದ ತಕ್ಷಣ ತೆಗೆಯಿರಿ. ಮನೆಯಲ್ಲಿ ಪಾತ್ರೆಗೆ ಉದ್ದನೆಯ ಗ್ಲೌಸ್, ಒಳಗೆ ತೆಳು ಹತ್ತಿಯದ್ದು. ಹತ್ತಿ ಒದ್ದೆಯಾದರೆ ಬದಲಾಯಿಸಿ.

ಸಿಮೆಂಟ್ ಕೆಲಸದವರು

ನನಗೆ ಗ್ಲೌಸೇ ಶತ್ರು ಆಗಿತ್ತು. ಸಿಮೆಂಟಿನಲ್ಲಿರುವ ಕ್ರೋಮೇಟ್ ಅನ್ನುವ ಕೆಮಿಕಲ್‌ನಿಂದ ಅಂತ ಎಲ್ಲರೂ ಅಂದುಕೊಂಡಿದ್ದರು, ಪ್ಯಾಚ್ ಟೆಸ್ಟ್‌ನಲ್ಲಿ ಬಂದದ್ದು ಥೈಯುರಾಮ್, ರಬ್ಬರ್ ಹದ ಮಾಡಲು ಹಾಕುವ ಕೆಮಿಕಲ್. ಕೈಯ ಹಿಂಭಾಗ ಮತ್ತು ಮಣಿಕಟ್ಟಿನಲ್ಲಿ ಗ್ಲೌಸ್ ಮುಗಿಯುವ ಗೆರೆಗೇ ಎಕ್ಸಿಮಾ ನಿಲ್ಲುತ್ತಿದ್ದರೆ ಅನುಮಾನ ಪಡಿ. ಅಂಥ ಕೆಮಿಕಲ್ ಹಾಕದ ಗ್ಲೌಸ್ ಸಿಗುತ್ತವೆ, ಕೇಳಿ ತಗೊಳ್ಳಿ.

ಅಂಗೈಯಲ್ಲಿ ನೀರುಗುಳ್ಳೆ ಬರುವವರು

ನನ್ನದು ಬೇರೆ ಥರ. ಬೆರಳ ಪಕ್ಕದಲ್ಲಿ, ಅಂಗೈಯಲ್ಲಿ ಚರ್ಮದ ಒಳಗೇ ಸಣ್ಣ ಸಣ್ಣ ನೀರುಗುಳ್ಳೆ, ವಿಪರೀತ ತುರಿಕೆ. ಆಮೇಲೆ ಒಣಗಿ ಸಿಪ್ಪೆ. ಪಾಂಫೋಲಿಕ್ಸ್ ಅನ್ನುತ್ತಾರೆ. ಸೆಖೆ, ಬೆವರು, ಒತ್ತಡ ಇದ್ದಾಗ ಜಾಸ್ತಿ. ಗುಳ್ಳೆ ಒಡೆಯಬೇಡಿ. ಚಿಕ್ಕಂದಿನಲ್ಲಿ ಎಕ್ಸಿಮಾ ಇದ್ದವರಿಗೆ ಕೈಯಲ್ಲಿ ಬರುವ ಸಾಧ್ಯತೆ ಜಾಸ್ತಿ. ನಿಮಗೆ ಇತ್ತಾ? ಇದ್ದರೆ ಡಾಕ್ಟರಿಗೆ ಹೇಳಿ. ಸಿಗರೇಟ್ ಸೇದುತ್ತಿದ್ದರೆ ಅದನ್ನೂ.

ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್

ಸ್ಟೀರಾಯ್ಡ್ ಮುಲಾಮಿನ ಬಗ್ಗೆ ಎರಡು ಅತಿರೇಕ ನೋಡುತ್ತೇನೆ. ಕೆಲವರು ಹೆದರಿ ಸಾಸಿವೆಯಷ್ಟು ಹಚ್ಚುತ್ತಾರೆ, ಕೆಲವರು ಡಾಕ್ಟರಿಗೆ ತೋರಿಸದೆ ವರ್ಷಗಟ್ಟಲೆ ಹಚ್ಚುತ್ತಾರೆ. ಅಳತೆ ಸುಲಭ. ದೊಡ್ಡವರ ತೋರುಬೆರಳಿನ ಕೊನೆಯ ಮಡಿಕೆ ಗೆರೆಯಿಂದ ತುದಿಯವರೆಗೆ ಟ್ಯೂಬಿನಿಂದ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಒಂದು ಕೈಯ ಎರಡೂ ಬದಿಗೆ ಅಷ್ಟು ಸಾಕು. ಅಂಗೈ ಚರ್ಮ ದಪ್ಪ, ಹಾಗಾಗಿ ಅಲ್ಲಿಗೆ ಡಾಕ್ಟರು ಸ್ವಲ್ಪ ಪ್ರಬಲವಾದದ್ದನ್ನೇ ಬರೆಯುತ್ತಾರೆ. ಅದೇ ಟ್ಯೂಬನ್ನು ಮುಖಕ್ಕೆ ಹಚ್ಚಬೇಡಿ.

ಕಡಿಮೆಯಾದ ಕೂಡಲೇ ಒಂದೇ ಏಟಿಗೆ ನಿಲ್ಲಿಸುವುದರಿಂದಲೂ ಮರುಕಳಿಸುತ್ತದೆ. ದಿನಾ ಹಚ್ಚುವುದನ್ನು ನಿಧಾನವಾಗಿ ಇಳಿಸಿ, ಆಮೇಲೆ ವಾರದಲ್ಲಿ ಎರಡು ದಿನ ಮಾತ್ರ, ಹೀಗೆ ಒಂದು ಕ್ರಮವನ್ನು ಡಾಕ್ಟರ ಹತ್ತಿರ ಬರೆಸಿಕೊಳ್ಳಿ. ನೋಡೋಕೆ ವಾಸಿಯಾದ ಚರ್ಮ ಒಳಗಿನಿಂದ ಗಟ್ಟಿಯಾಗಲು ಇನ್ನೂ ತಿಂಗಳುಗಳು ಬೇಕು. ಅಲ್ಲಿಯವರೆಗೆ ಕ್ರೀಮು, ಗ್ಲೌಸು ಬಿಡುವ ಹಾಗಿಲ್ಲ.

ಸ್ಟೀರಾಯ್ಡ್, ಫಂಗಸ್ ಔಷಧಿ, ಆಂಟಿಬಯೋಟಿಕ್ ಮೂರೂ ಸೇರಿದ ಟ್ಯೂಬ್ ಮಾತ್ರ ನೀವಾಗಿಯೇ ಕೇಳಿ ತಗೋಬೇಡಿ. ಒಂದೇ ಕೈಯಲ್ಲಿ ಸಿಪ್ಪೆ, ಜೊತೆಗೆ ಎರಡೂ ಪಾದದಲ್ಲೂ ಇದ್ದರೆ ಅದು ಫಂಗಸ್ ಇರಬಹುದು, ಚರ್ಮ ಕೆರೆದು ನೋಡಿದರೆ ಗೊತ್ತಾಗುತ್ತದೆ. ಸ್ಟೀರಾಯ್ಡ್ ಹಚ್ಚಿದರೆ ಅದು ರೂಪ ಬದಲಿಸಿಕೊಂಡು ಹಬ್ಬುತ್ತದೆ. ರಾತ್ರಿ ತುರಿಕೆ ಜಾಸ್ತಿ, ಮನೆಯವರಿಗೂ ತುರಿಕೆ ಅಂದರೆ ಕಜ್ಜಿ ಅಂತ ಅನುಮಾನ. ಸೋರಿಯಾಸಿಸ್ ಕೂಡ ಅಂಗೈಯಲ್ಲಿ ಎಕ್ಸಿಮಾದ ಹಾಗೇ ಕಾಣಬಹುದು. ಹಳದಿ ಹೊಪ್ಪಳಿಕೆ, ಕೀವು, ನೋವು, ಜ್ವರ ಬಂದರೆ ಕಾಯಬೇಡಿ, ಅವತ್ತೇ ತೋರಿಸಿ.

ಮೂರು ತಿಂಗಳಿಗಿಂತ ಜಾಸ್ತಿ ಇದ್ದರೆ, ಅಥವಾ ವರ್ಷದಲ್ಲಿ ಎರಡು ಸಲ ಇಲ್ಲವೇ ಅದಕ್ಕಿಂತ ಜಾಸ್ತಿ ಮರುಕಳಿಸಿದರೆ ಅದನ್ನು ದೀರ್ಘಕಾಲದ ಕೈ ಎಕ್ಸಿಮಾ ಅನ್ನುತ್ತಾರೆ. ಮುಲಾಮಿನಿಂದ ಆಗದಿದ್ದರೆ ದಾರಿ ಮುಗಿಯಲಿಲ್ಲ. ಸ್ಟೀರಾಯ್ಡ್ ಅಲ್ಲದ ಟ್ಯಾಕ್ರೋಲಿಮಸ್ ಮುಲಾಮು ಇದೆ, ಬೆಳಕಿನ ಚಿಕಿತ್ಸೆ ಇದೆ. ಅಲಿಟ್ರೆಟಿನಾಯಿನ್ ಮಾತ್ರೆ ಕೆಲವು ದೇಶಗಳಲ್ಲಿ ಸಿಗುತ್ತದೆ, ಆದರೆ ಹೊಟ್ಟೆಯಲ್ಲಿರುವ ಮಗುವಿಗೆ ತೀವ್ರ ಹಾನಿ ಮಾಡುವುದರಿಂದ ಬಸುರಿಯಾಗುವ ಸಾಧ್ಯತೆ ಇರುವವರಿಗೆ ಕಟ್ಟುನಿಟ್ಟಿನ ನಿಯಮ. ಡೆಲ್ಗೋಸಿಟಿನಿಬ್ ಅನ್ನುವ, ಸ್ಟೀರಾಯ್ಡ್ ಅಲ್ಲದ ಕ್ರೀಮಿಗೆ ಯುರೋಪಿನಲ್ಲಿ 2024ರಲ್ಲಿ, ಅಮೆರಿಕದಲ್ಲಿ 2025ರಲ್ಲಿ ಒಪ್ಪಿಗೆ ಸಿಕ್ಕಿದೆ. ಅದು ಕೈ ಎಕ್ಸಿಮಾಗೆಂದೇ ಬಂದದ್ದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಚಿಕ್ಕವಳಿದ್ದಾಗ ಮೊಣಕೈ ಮಡಿಕೆಯಲ್ಲಿ ಇಸುಬು ಇತ್ತಂತೆ, ಅಮ್ಮ ಹೇಳಿದರು. ಪ್ಯಾಚ್ ಟೆಸ್ಟ್‌ಗೆ ಹೆಸರು ಬರೆಸುತ್ತೇನೆ. ಅಲ್ಲಿಯವರೆಗೆ ಮುಲಾಮು ನಿಲ್ಲಿಸಬೇಕಾ?

ಮೊದಲು ಸಲೂನಿನಲ್ಲಿದ್ದವರು

ಕೈಗೆ ಹಚ್ಚುವುದನ್ನು ನಿಲ್ಲಿಸಬೇಕಿಲ್ಲ. ಟೆಸ್ಟ್ ಮಾಡುವ ಜಾಗ ಬೆನ್ನು, ಹಿಂದಿನ ಒಂದು ವಾರ ಅಲ್ಲಿಗೆ ಸ್ಟೀರಾಯ್ಡ್ ತಾಗಬಾರದು, ಬಿಸಿಲಿಗೆ ಕಪ್ಪಾಗಲೂಬಾರದು. ಸ್ಟೀರಾಯ್ಡ್ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ, ಫಲಿತಾಂಶ ತಪ್ಪಾಗಬಹುದು. ಪಟ್ಟಿ ಇರುವಷ್ಟು ದಿನ ಬೆನ್ನಿಗೆ ನೀರು ಹಾಕುವಂತಿಲ್ಲ, ಬೆವರುವ ಕೆಲಸ ಬೇಡ, ಹಾಗಾಗಿ ಸಲೂನಿನಲ್ಲಿ ಗಿರಾಕಿ ಕಡಿಮೆ ಇರುವ ವಾರ ನೋಡಿಕೊಳ್ಳಿ. ಬಳಸುವ ಶಾಂಪೂ, ಬಣ್ಣ, ಬ್ಲೀಚ್ ಪುಡಿ, ಕೈಗೆ ಹಚ್ಚುವ ಕ್ರೀಮು ಎಲ್ಲವನ್ನೂ ಲೇಬಲ್ ಸಮೇತ ಚೀಲಕ್ಕೆ ಹಾಕಿಕೊಂಡು ಹೋಗಿ. ಗ್ಲೌಸಿನ ಒಂದು ಜೊತೆಯೂ ಇರಲಿ, ಅದನ್ನೂ ಕತ್ತರಿಸಿ ಬೆನ್ನಿಗೆ ಅಂಟಿಸುತ್ತಾರೆ.