ತುರ್ತು: ‘ನಿಂತಿಲ್ಲದ’ ಸಮತೋಲನಕ್ಕೆ ಪದ ಬೇಕು

ನಮಸ್ಕಾರ. ಪಿಯುಸಿ ಲ್ಯಾಬಿಗೆ ಗೋಡೆಚಿತ್ರ ಮಾಡುತ್ತಿದ್ದೇವೆ, ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು. ಚಿತ್ರದಲ್ಲಿ ಬಾಯಿ ಮುಚ್ಚಿದ ಎರಡು ಗಾಜಿನ ಬುರುಡೆಗಳಿವೆ, ಎರಡರಲ್ಲೂ ನೈಟ್ರೋಜನ್ ಡೈಆಕ್ಸೈಡ್ ಅನಿಲ. ಬಿಸಿನೀರಲ್ಲಿಟ್ಟದ್ದು ಕಡುಕಂದು. ಐಸಿನಲ್ಲಿಟ್ಟದ್ದರ ಬಣ್ಣ ತುಂಬಾ ತೆಳುವಾಗಿದೆ. ತಣ್ಣಗಾದಂತೆ ಎರಡೆರಡು ಅಣು ಜೋಡಿಯಾಗಿ ಬಣ್ಣ ಕಳೆದುಕೊಳ್ಳುತ್ತವೆ, ಬಿಸಿ ಮಾಡಿದರೆ ಜೋಡಿ ಒಡೆಯುತ್ತದೆ. ಪಠ್ಯದಲ್ಲಿರುವ ‘ರಾಸಾಯನಿಕ ಸಮತೋಲನ’ ಅಂತ ಬರೆದರೆ ಮಕ್ಕಳು ‘ಅಂದ್ರೆ ಕ್ರಿಯೆ ನಿಂತುಹೋಯ್ತಾ?’ ಅಂತ ಕೇಳುತ್ತಾರೆ. ನಿಂತಿಲ್ಲ ಅನ್ನೋದೇ ಪಾಠ. ಬೇರೆ ಪದ ಇದೆಯಾ? ರಿವರ್ಸಿಬಲ್‌ಗೂ (ಎರಡೂ ದಿಕ್ಕಿಗೆ ನಡೆಯುವ ಕ್ರಿಯೆ) ಒಂದು ಬೇಕು.

—

‘ಸಮತೋಲನ’ವೇ ಇರಲಿ. ಪರೀಕ್ಷೆಯಲ್ಲಿ ಬರುವುದು ಅದೇ. ಸುಮ್ನೆ ಹೊಸ ಪದ ಕಟ್ಟಬೇಡಿ.

—

ಪದಕ್ಕೆ ಪರೀಕ್ಷೆ ಒರೆಗಲ್ಲಲ್ಲ. ಮಕ್ಕಳ ಅನುಮಾನ ಹುಟ್ಟಿದ್ದೇ ಆ ಪದದಿಂದ. ‘ತೋಲನ’ದ ಬೇರು ತುಲೆ. ಅದರ ಇಂಗ್ಲಿಷ್ ಪದ ಈಕ್ವಿಲಿಬ್ರಿಯಂ ಒಳಗಿರುವ ಲ್ಯಾಟಿನ್ ‘ಲಿಬ್ರ’ವೂ ತಕ್ಕಡಿಯೇ. ಎರಡು ತಟ್ಟೆ ಸಮವಾದರೆ ತಕ್ಕಡಿಯ ಮುಳ್ಳು ನಿಲ್ಲುತ್ತದೆ. ನಿಮ್ಮ ಬುರುಡೆಯೊಳಗೆ ಏನೂ ನಿಲ್ಲುವುದಿಲ್ಲ. ಎಷ್ಟು ಜೋಡಿ ಕೂಡುತ್ತವೋ ಅದೇ ಹೊತ್ತಿಗೆ ಅಷ್ಟೇ ಜೋಡಿ ಒಡೆಯುತ್ತವೆ.

ನಮ್ಮಲ್ಲಿ ‘ಸರಿದೂಗು’ ಇದೆಯಲ್ಲ! ‘ಬಂದದ್ದಕ್ಕೂ ಹೋದದ್ದಕ್ಕೂ ಸರಿದೂಗಿತು’ ಅನ್ನುವ ಮನೆಯಲ್ಲಿ ಸಂಬಳವೂ ನಿಂತಿಲ್ಲ, ಖರ್ಚೂ ನಿಂತಿಲ್ಲ. ತೊಟ್ಟಿಲು ತೂಗುವುದೂ ಇದೇ ತೂಗು. ‘ಸರಿದೂಗಿದ ಸ್ಥಿತಿ’ ಅಂತ ಹಾಕಿ. ರಿವರ್ಸಿಬಲ್‌ಗೆ ‘ಇಮ್ಮುಖ ಕ್ರಿಯೆ’. ಮುಮ್ಮುಖ, ಹಿಮ್ಮುಖಗಳ ಪಕ್ಕದಲ್ಲಿ ತಾನಾಗಿ ಕೂರುತ್ತದೆ.

—

‘ಇಮ್ಮುಖ’ ಅರಿಸಮಾಸ, ಕನ್ನಡ-ಸಂಸ್ಕೃತ ಬೆರಕೆ. ‘ಇಮ್ಮೊಗ’ ಆಗಬೇಕು. ‘ಸ್ಥಿತಿ’ಯೂ ಬೇಡ. ಒಂದು ಕಾಲು ಸಂಸ್ಕೃತದಲ್ಲಿ ಇಟ್ಟುಕೊಂಡು ಕನ್ನಡ ಕಟ್ಟಲಾಗುವುದಿಲ್ಲ.

—

ಹಾಗಾದರೆ ಹಿಮ್ಮುಖವನ್ನೂ ಬಿಡಬೇಕು. ಬಿಟ್ಟವರನ್ನು ನಾನು ಕಂಡಿಲ್ಲ. ಸಂಸ್ಕೃತ ಬೇಡ ಅಂತ ನಾನು ಹೇಳಲೇ ಇಲ್ಲ. ಕ್ರಿಯೆ, ಸ್ಥಿತಿ ಎಲ್ಲರ ಬಾಯಲ್ಲೂ ಇವೆ, ನೈಟ್ರೋಜನ್ ಕೂಡ ಇದೆ. ಎಲ್ಲಿಂದ ಬಂತು ಅನ್ನೋದಕ್ಕಿಂತ ಮಗುವಿನ ಕಣ್ಣ ಮುಂದೆ ಏನು ತರುತ್ತದೆ ಅನ್ನೋದು ನನಗೆ ಮುಖ್ಯ. ರಸಾಯನವಿಜ್ಞಾನಿ ವಾಂಟ್ ಹಾಫ್ 1884ರಲ್ಲಿ ಇಂಥ ಕ್ರಿಯೆಯ ಸಮೀಕರಣದಲ್ಲಿ ಸಮ ಚಿಹ್ನೆ ಬಿಟ್ಟು ಎದುರುಬದುರು ಎರಡು ಬಾಣ ಹಾಕಿದರು. ಪದವೂ ಆ ಬಾಣಗಳ ಹಾಗೆ ಓಡಾಡಬೇಕು.

—

ಎಲ್ಲರಿಗೂ ಥ್ಯಾಂಕ್ಸ್. ‘ಸರಿದೂಗಿದ ಸ್ಥಿತಿ’ ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ. ಕೆಳಗೆ ಸಣ್ಣದಾಗಿ ‘ಸಮತೋಲನ’ವೂ ಇದೆ, ಪರೀಕ್ಷೆ ಬರೆಯೋರು ಅವರೇ ಅಲ್ವಾ. ಚಿತ್ರದಲ್ಲಿ ಎರಡು ಬಾಣಗಳ ಮೇಲಿನ ಜಾಗ ಇನ್ನೂ ಖಾಲಿ. ಇಮ್ಮುಖವೋ ಇಮ್ಮೊಗವೋ, ರಾತ್ರಿ ಹತ್ತರೊಳಗೆ ಹೇಳಿ.