ಗುರು-ಶನಿ ಎರಡೂ ಕುದಿಯುತ್ತಿವೆ, ಉಂಗುರ ಬಿಡಿಸಿ ಕಾಣ್ತಿಲ್ಲ. ನಾಳೆಯೇ 21, ಎರಡೂ ಆಕಾಶದಲ್ಲಿ ಅತಿ ಹತ್ತಿರ ಕಾಣುವ ದಿನ!

ಚುಕ್ಕಿಬೇಟೆ (ಡಿಸೆಂಬರ್ 20, 2020):
ಎರಡು ಸಂಜೆಯಿಂದ ಒದ್ದಾಡುತ್ತಿದ್ದೇನೆ. ಬರಿಗಣ್ಣಿಗೆ ಎರಡೂ ಚೆನ್ನಾಗಿಯೇ ಕಾಣುತ್ತವೆ. ಟೆಲಿಸ್ಕೋಪಿನಲ್ಲಿ ನೋಡಿದರೆ ನೀರಿನ ತಳದಲ್ಲಿ ಬಿದ್ದ ನಾಣ್ಯದ ಹಾಗೆ ಅಲುಗಾಡುತ್ತವೆ. ಗುರುವಿನ ಪಟ್ಟೆ ಇಲ್ಲ. ಶನಿ ಉದ್ದನೆಯ ಕಾಳಿನಂತಿದೆ. ಫೋಕಸ್ ಎಷ್ಟು ತಿರುಗಿಸಿದರೂ ಅಷ್ಟೇ. ನಾಳೆ ತಪ್ಪಿದರೆ ಇಷ್ಟು ಹತ್ತಿರ ಬರುವುದು 2080ಕ್ಕೆ. ಏನಾದರೂ ಹೇಳಿ.

ಡಾಬ್‌ಪ್ರಿಯ:
ಕಾಲಿಮೇಶನ್ (ಕನ್ನಡಿಗಳ ಹೊಂದಾಣಿಕೆ) ಹೋಗಿದೆ. ಕನ್ನಡಿ ಸರಿಮಾಡಿ.

ಕಿರುಗಣ್ಣು:
ಯಾವ ಸ್ಕೋಪ್, ಯಾವ ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ಅಂತ ಹೇಳಲೇ ಇಲ್ವಲ್ಲ.

ಚುಕ್ಕಿಬೇಟೆ:
6 ಇಂಚಿನ ನ್ಯೂಟೋನಿಯನ್ (ಕನ್ನಡಿಯ ಟೆಲಿಸ್ಕೋಪ್), ನಾಭಿದೂರ 1200 ಮಿಮೀ. 10 ಮಿಮೀ ಐಪೀಸಿಗೆ 2x ಬಾರ್ಲೋ (ವರ್ಧನೆ ಎರಡು ಪಟ್ಟು ಮಾಡುವ ಮಸೂರ). ಕಾಲಿಮೇಶನ್ ಹೋದ ವಾರವೇ ಮಾಡಿದ್ದೇನೆ.

ಡಾಬ್‌ಪ್ರಿಯ:
ಒಂದು ವಾರದಲ್ಲಿ ಎಷ್ಟು ಬೇಕಾದರೂ ಕದಲುತ್ತದೆ. ನನ್ನ 10 ಇಂಚಿನ ಡಾಬ್ (ಡಾಬ್ಸೋನಿಯನ್ ಟೆಲಿಸ್ಕೋಪ್) ಪ್ರತಿ ಸಲ ಲೇಸರ್ ಹಾಕಿಯೇ ಶುರು. ನಿನ್ನೆ ಕ್ಯಾಸಿನಿ ಗೆರೆ (ಶನಿಯ ಉಂಗುರಗಳ ನಡುವಿನ ಕಪ್ಪು ಸಂದು) ಕೂಡ ಮಿಂಚಿತು. 800 ವರ್ಷಕ್ಕೊಮ್ಮೆ ಸಿಗುವ ನೋಟ ಇದು, ತಯಾರಿ ಬೇಡವೇ?

ಹಳೆಪಂಚಾಂಗ:
800 ಅಲ್ಲ, 397. ಇಷ್ಟು ಹತ್ತಿರ ಬಂದದ್ದು 1623ರಲ್ಲಿ.

ಡಾಬ್‌ಪ್ರಿಯ:
1623ರಲ್ಲಿ ಸೂರ್ಯನ ಪಕ್ಕದಲ್ಲೇ ಇದ್ದವು, ನೋಡುವುದೇ ಕಷ್ಟವಾಗಿತ್ತು. ಚೆನ್ನಾಗಿ ಕಂಡದ್ದು 1226ರಲ್ಲಿ. ಹಾಗಾಗಿ ನನ್ನ ಲೆಕ್ಕ ಸರಿ.

ಹಳೆಪಂಚಾಂಗ:
ಕಂಡದ್ದು ಬೇರೆ, ಆದದ್ದು ಬೇರೆ.

ಕಿರುಗಣ್ಣು:
ಅದನ್ನು ಆಮೇಲೆ ಮಾತಾಡೋಣ, ನಾಳೆ ಸಂಜೆ ಹತ್ತಿರ ಬರ್ತಿದೆ. ಬೇಟೆಯವರೇ, ಒಂದು ನಕ್ಷತ್ರವನ್ನು ಸ್ವಲ್ಪ ಫೋಕಸ್ ತಪ್ಪಿಸಿ ನೋಡಿ. ಸುತ್ತಿನ ಬಳೆಗಳು ನಡುವಿಗೆ ಸರಿಯಾಗಿವೆಯೇ? ಹಾಗಿದ್ದರೆ ಕಾಲಿಮೇಶನ್ ಸರಿ ಇದೆ. ಮತ್ತೆ, ಸ್ಕೋಪ್ ಎಲ್ಲಿಟ್ಟು ನೋಡ್ತಿದ್ದೀರಿ?

ಚುಕ್ಕಿಬೇಟೆ:
ಬಳೆಗಳು ಸರಿಯಾಗಿವೆ, ಆದರೆ ಬೆಂಕಿಯ ಮೇಲಿನ ಗಾಳಿಯಂತೆ ನಡುಗುತ್ತವೆ. ರೂಮಿನೊಳಗೇ ಇಟ್ಟಿದ್ದೇನೆ. ಕಿಟಕಿ ಪೂರ್ತಿ ತೆರೆದಿರ್ತೀನಿ, ಗಾಜಿನ ತೊಂದರೆ ಇಲ್ಲ.

ಕಿರುಗಣ್ಣು:
ಅಲ್ಲೇ ಇದೆ ನೋಡಿ! ರೂಮಿನ ಬಿಸಿ ಗಾಳಿ ಕಿಟಕಿಯಿಂದ ಹೊರಗೆ ಹರಿಯುತ್ತದೆ. ನೀವು ನೋಡ್ತಿರುವುದು ಅದರೊಳಗಿಂದ. ಕೊಳವೆಯೂ ಕನ್ನಡಿಯೂ ಬೆಚ್ಚಗಿವೆ. ಸೂರ್ಯ ಮುಳುಗುವ ಒಂದು ಗಂಟೆ ಮೊದಲೇ ಹೊರಗಿಡಿ, ಆದರೆ ಸೂರ್ಯನ ಕಡೆ ತಿರುಗಿಸಬೇಡಿ. ಬಾರ್ಲೋ ತೆಗೆಯಿರಿ. 240 ಪಟ್ಟು ಈ ಎತ್ತರಕ್ಕೆ ಜಾಸ್ತಿ. ದಿಗಂತದಿಂದ 20 ಡಿಗ್ರಿ ಎತ್ತರದಲ್ಲಿ ಬೆಳಕು ನೆತ್ತಿಯ ಮೇಲಿನದಕ್ಕಿಂತ ಸುಮಾರು 3 ಪಟ್ಟು ಗಾಳಿ ದಾಟಿ ಬರುತ್ತದೆ. ಬರೀ 10 ಮಿಮೀ ಸಾಕು, 120 ಪಟ್ಟು. ನಾಳೆ ನಡುವಿನ ಅಂತರ 6 ಆರ್ಕ್‌ಮಿನಿಟ್ (ಒಂದು ಡಿಗ್ರಿಯ ಹತ್ತನೇ ಒಂದು ಭಾಗ), ಎರಡೂ ಒಟ್ಟಿಗೆ ಆರಾಮವಾಗಿ ಹಿಡಿಯುತ್ತವೆ. ಕತ್ತಲಾಗುವವರೆಗೆ ಕಾಯಬೇಡಿ, ನೈಋತ್ಯದಲ್ಲಿ ಬೇಗ ಮುಳುಗುತ್ತವೆ. ಮೋಡ ಬಂದರೆ 22ಕ್ಕೂ ಒಂದೇ ನೋಟದಲ್ಲಿ ಸಿಗುತ್ತವೆ.

ಡಾಬ್‌ಪ್ರಿಯ:
ಹೊರಗೆ ಎತ್ತಿಕೊಂಡು ಹೋಗುವಾಗ ಕನ್ನಡಿ ಕದಲುತ್ತದೆ. ಕಾಲಿಮೇಶನ್ ನೋಡಲೇಬೇಕು.

ಚುಕ್ಕಿಬೇಟೆ (ಡಿಸೆಂಬರ್ 21):
ಕಂಡಿತು! ಮೊದಲ ಹತ್ತು ನಿಮಿಷ ಅದೇ ನಡುಕ. ಆಮೇಲೆ ಸುಮ್ನೆ ನಿಂತುಬಿಟ್ಟವು. ಗುರುವಿನ ಎರಡು ಪಟ್ಟೆ, ಅದರ ಚಂದ್ರರು, ಪಕ್ಕದಲ್ಲೇ ಉಂಗುರ ಹೊತ್ತ ಪುಟ್ಟ ಶನಿ. ಉಂಗುರಕ್ಕೂ ಗೋಲಕ್ಕೂ ನಡುವೆ ಕಪ್ಪು ಜಾಗ ಬಿಡಿಸಿ ಕಂಡಿತು. ಕ್ಯಾಸಿನಿ ಸಿಗಲಿಲ್ಲ.

ಡಾಬ್‌ಪ್ರಿಯ:
ಕ್ಯಾಸಿನಿಗೆ ಕಾಲಿಮೇಶನ್ ಬೇಕು.