ನಕುಲ–ಸಹದೇವರ ಸಮಸ್ಯೆ

ಭಾನುವಾರ ಬೆಳಗ್ಗೆ ದರ್ಶಿನಿಯ ಮೂಲೆ ಟೇಬಲ್ಲಿನ ಮೇಲೆ ಎರಡು ಹಳೇ ಪುಸ್ತಕ ಇಟ್ಟದ್ದೇ ನನ್ನ ತಪ್ಪು. ಮೊದಲು ಅವುಗಳ ಮೇಲೆ ಚಟ್ನಿ ಬಿತ್ತು, ಆಮೇಲೆ ನಾಣಿಯ ಕಣ್ಣು ಬಿತ್ತು.

"ಇದೇನಯ್ಯಾ, ಮೊಮ್ಮಗು ಎತ್ತಿಕೊಳ್ಳೋ ವಯಸ್ಸಲ್ಲಿ ಕಾಮಿಕ್ಸು?"

"ಕಾಮಿಕ್ಸ್ ಅಲ್ವೋ, ಕಾದಂಬರಿ. ಎಕ್ಸ್‌-ಮೆನ್ ಅನ್ನೋ ಸೂಪರ್ ಹೀರೋ ತಂಡದ್ದು. ಕ್ರಿಸ್ಟೋಫರ್ ಗೋಲ್ಡನ್ ಬರೆದದ್ದು. 'ಮ್ಯುಟೆಂಟ್ ಎಂಪೈರ್' ಅಂತ ಮೂರು ಭಾಗ, 1996–97ರಲ್ಲಿ ಬಂದದ್ದು."

ನಾಣಿ ಹಾಳೆಗಳನ್ನು ಬರಬರನೆ ತಿರುವಿದ. ನಿವೃತ್ತ ಬ್ಯಾಂಕಿನವನು, ಎಲ್ಲವನ್ನೂ ನೋಟಿನ ಕಟ್ಟಿನ ಹಾಗೆಯೇ ತಿರುವುತ್ತಾನೆ. "ಅಲ್ಲೊಂದು ಇಲ್ಲೊಂದು ಚಿತ್ರ ಬಿಟ್ರೆ ಬರೀ ಅಕ್ಷರ! ಮಸಾಲೆ ದೋಸೆ ಅಂತ ಕೊಟ್ಟು ಒಳಗೆ ಪಲ್ಯಾನೇ ಇಡದ ಹಾಗಾಯ್ತು. ಸೂಪರ್ ಹೀರೋನ ಬರೀ ಅಕ್ಷರದಲ್ಲಿ ಓದಬೇಕು ಅಂತ ಯಾವನಿಗೆ ಹೊಳೀತೋ!"

"ಹೊಳೆದು ಬಹಳ ಕಾಲ ಆಯ್ತು. ಅವೆಂಜರ್ಸ್ ಅನ್ನೋ ಇನ್ನೊಂದು ತಂಡದ ಮೇಲೆ 1967ರಲ್ಲೇ ಪ್ರಕಾಶಕ ಬ್ಯಾಂಟಮ್‌ನವರು ಒಂದು ಕಾದಂಬರಿ ತಂದರು. ಬರೆದವನು ಆಟೋ ಬೈಂಡರ್."

"ಆಟೋನಾ? ಮೀಟರ್ ಹಾಕ್ತಿದ್ನಾ?"

ಇಂಥ ಮಾತಿಗೆ ನಾವು ಯಾರೂ ನಗುವುದಿಲ್ಲ. ನಕ್ಕರೆ ಇನ್ನೊಂದು ಬರುತ್ತದೆ. ಆ ಬೈಂಡರ್ ಸಾಮಾನ್ಯನಲ್ಲ. ಕ್ಯಾಪ್ಟನ್ ಮಾರ್ವೆಲ್ ಕಾಮಿಕ್ಸಿಗೆ ವರ್ಷಗಟ್ಟಲೆ ಕಥೆ ಬರೆದವನು, 1959ರಲ್ಲಿ ಸೂಪರ್‌ಗರ್ಲ್‌ನ ಮೊದಲ ಕಥೆಯೂ ಅವನದೇ. ಅದಕ್ಕೂ ಮುಂಚೆ ಅಣ್ಣ ಅರ್ಲ್ ಜೊತೆ ಸೇರಿ 'ಅರ್ಲ್ ಆ್ಯಂಡ್ ಆಟೋ' ಅನ್ನೋದನ್ನ 'ಇಆ್ಯಂಡೋ ಬೈಂಡರ್' ಅಂತ ಒಂದೇ ಹೆಸರು ಮಾಡಿಕೊಂಡು ವಿಜ್ಞಾನ ಕಥೆ ಬರೀತಿದ್ದ. ಇದನ್ನೆಲ್ಲ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮಂಜನೂ ಬಾಯಿ ತೆರೆದ. "ಅದು ಏನಪ್ಪಾ ಅಂದ್ರೆ, ಈ ಎಕ್ಸ್‌-ಮೆನ್…"

"ತಡಿ ಮಂಜ," ಅಂದಳು ಸುಮ. ಅವಳು ಕರಡು ತಿದ್ದುವವಳು, ವಾಕ್ಯ ಮುಗಿಯದಿದ್ದರೆ ನಿದ್ದೆ ಬರುವುದಿಲ್ಲ, ಆದರೆ ಮಂಜನ ವಾಕ್ಯಕ್ಕೆ ಆ ನಿಯಮವಿಲ್ಲ. "ನನಗೆ ಒಂದೇ ಅನುಮಾನ. ಚಿತ್ರದಲ್ಲಾದ್ರೆ ಆರು ಜನ ಒಟ್ಟಿಗೆ ಬಾಗಿಲು ಒಡ್ಕೊಂಡು ಬಂದ್ರು ಅನ್ನೋಕೆ ಒಂದು ಚೌಕ ಸಾಕು. ಯಾರ ಬಟ್ಟೆ ಯಾವ ಬಣ್ಣ, ಯಾರ ಕಣ್ಣಲ್ಲಿ ಬೆಂಕಿ, ಎಲ್ಲಾ ಒಂದೇ ನೋಟಕ್ಕೆ. ಗದ್ಯದಲ್ಲಿ? ಒಬ್ಬೊಬ್ಬರದ್ದೂ ಒಂದೊಂದು ಪ್ಯಾರಾ. ಆರನೆಯವನು ಒಳಗೆ ಬರೋ ಹೊತ್ತಿಗೆ ಖಳ ಕಾಫಿ ಕುಡ್ಕೊಂಡು ಮನೆಗೆ ಹೋಗಿರ್ತಾನೆ."

"ಎಂತ ಮಾರಾಯ್ತಿ, ಅದಕ್ಕೇ ಅಲ್ವಾ ಯಕ್ಷಗಾನದಲ್ಲಿ ಒಡ್ಡೋಲಗ ಇರೂದು!" ಭಟ್ಟರು ವಡೆ ಕೆಳಗಿಟ್ಟರು. ಹೊನ್ನಾವರದ ಕಡೆಯವರು, ವಡೆ ಕೆಳಗಿಟ್ಟರೆಂದರೆ ವಿಷಯ ಗಂಭೀರ. "ಪಾಂಡವರ ಒಡ್ಡೋಲಗ ನೋಡಿದ್ದೀಯಾ? ತೆರೆ ಹಿಡೀತಾರೆ, ಚಂಡೆ ಏಳ್ತದೆ, ಒಬ್ಬೊಬ್ಬರೇ ಕುಣ್ಕೊಂಡು ಮುಖ ತೋರಿಸ್ತಾರೆ. ಯಾರಿಗೂ ಅವಸರ ಇಲ್ಲೆ. ಖಳ ಚೌಕಿಯಲ್ಲಿ ಕೂತು ಬಣ್ಣ ಬಳ್ಕೊಳ್ತಾ ಇರ್ತಾನೆ, ಅವನಿಗೂ ಹೊತ್ತು ಬೇಕಲ್ಲ."

"ಕಾದಂಬರೀಲಿ ಚಂಡೆ ಇಲ್ವಲ್ಲ ಭಟ್ರೇ."

"ಅದು ಹೌದು." ಭಟ್ಟರು ವಡೆ ಮತ್ತೆ ಎತ್ತಿಕೊಂಡರು. "ಮತ್ತೆ ನಿಜವಾದ ತೊಂದರೆ ಬೇರೆ ಉಂಟು. ನಕುಲ–ಸಹದೇವರನ್ನ ಎಂತ ಮಾಡೂದು?"

ಈ ಪ್ರಶ್ನೆಗೆ ನಾಲ್ಕೂ ಜನ ಸುಮ್ಮನಾದೆವು. ಮಂಜ ಮೊದಲಿಂದಲೂ ಸುಮ್ಮನೇ ಇದ್ದ.

ತಂಡದ ಕಾದಂಬರಿಗೆ ಇದೇ ಪರೀಕ್ಷೆ, ನನ್ನ ಮಟ್ಟಿಗೆ. ವುಲ್ವರಿನ್‌ಗೆ, ಸೈಕ್ಲಾಪ್ಸ್‌ಗೆ ಕೆಲಸ ಕೊಡಲು ಯಾರಿಗೂ ಬರುತ್ತದೆ. ಮಿಕ್ಕವರು? ಚಿತ್ರಕಥೆಯಲ್ಲಾದರೆ ಹಿಂದೆ ಮೂಲೆಯಲ್ಲಿ ನಿಲ್ಲಿಸಿಬಿಡಬಹುದು, ನಿಂತದ್ದಾದರೂ ಕಾಣುತ್ತದೆ. ಗದ್ಯದಲ್ಲಿ ಹೆಸರು ಹೇಳದಿದ್ದರೆ ಆಸಾಮಿಯೇ ಇಲ್ಲ. ಹತ್ತು ಪುಟ ಬಿಟ್ಟು ಅವನು ದಿಢೀರನೆ ಮಾತಾಡಿದರೆ, ಇವನು ಇಷ್ಟು ಹೊತ್ತು ಎಲ್ಲಿದ್ದ ಅಂತ ಹಿಂದಕ್ಕೆ ಹಾಳೆ ತಿರುವಬೇಕು.

"ವ್ಯಾಸರಿಗೆ ಇದು ಗೊತ್ತಿತ್ತು," ಅಂದರು ಭಟ್ಟರು. "ಅದಕ್ಕೇ ವಿರಾಟಪರ್ವ. ಎಲ್ಲರಿಗೂ ಬೇರೆ ಬೇರೆ ನೌಕರಿ. ಭೀಮ ಅಡುಗೆಮನೆ, ಅರ್ಜುನ ನಾಟ್ಯಶಾಲೆ. ನಕುಲನಿಗೆ ಕುದುರೆ, ಸಹದೇವನಿಗೆ ದನ. ಇಡೀ ಭಾರತದಲ್ಲಿ ಆ ಹುಡುಗರಿಗೆ ಸರಿಯಾದ ಕೆಲಸ ಸಿಕ್ಕಿದ್ದು ಆ ಒಂದು ವರ್ಷವೇ."

"ಗೋಲ್ಡನ್ ಮಾಡಿರೋದೂ ಅದನ್ನೇ!" ನನಗೆ ಖುಷಿಯಾಯಿತು. "ತಂಡನ ಎರಡು ಹೋಳು ಮಾಡ್ತಾನೆ. ಸೈಕ್ಲಾಪ್ಸ್‌ನ ಅಪ್ಪ ಬಾಹ್ಯಾಕಾಶದಲ್ಲಿ ಸಿಕ್ಕಿಹಾಕಿಕೊಂಡಿದಾನೆ, ಅರ್ಧ ಜನ ಬಿಡಿಸೋಕೆ ಹೋಗ್ತಾರೆ. ಇನ್ನರ್ಧ ಇಲ್ಲೇ ಉಳಿದು ಖಳ ಮ್ಯಾಗ್ನೆಟೋನ ಎದುರಿಸಬೇಕು. ಜನ ಕಮ್ಮಿಯಾದ ತಕ್ಷಣ ಎಲ್ಲರಿಗೂ ಬಾಯಿ ಬರುತ್ತೆ."

"ಕೂಡುಕುಟುಂಬ ಒಡೆದ ಮೇಲೆ ಚಿಕ್ಕ ಸೊಸೆಗೆ ಬಾಯಿ ಬಂದ ಹಾಗೆ," ಅಂದಳು ಸುಮ. ಅನುಭವದ ಮಾತು, ನಾವು ಕೆದಕಲಿಲ್ಲ.

"ಹೋಗ್ಲಿ, ಈ ಸದ್ದುಗಳನ್ನ ಏನ್ ಮಾಡ್ತಾರೆ?" ಅಂದ ನಾಣಿ. ವಿರೋಧ ಮಾಡುತ್ತಲೇ ಒಳಗೆ ಬಂದುಬಿಟ್ಟಿದ್ದ. "ವುಲ್ವರಿನ್ ಉಗುರು ಹೊರಗೆ ಬಂದ್ರೆ 'ಸ್ನಿಕ್ಟ್'. ಆ ನೀಲಿ ಬಾಲದವನು, ನೈಟ್‌ಕ್ರಾಲರ್, ಮಾಯವಾದ್ರೆ 'ಬ್ಯಾಮ್ಫ್'. ಅದೇ ತಾನೇ ಮಜಾ?" ಬ್ಯಾಂಕಿನ ಕೌಂಟರ್ ಕೆಳಗೆ ಇವನು ಏನು ಓದುತ್ತಿದ್ದ ಅನ್ನೋದು ಮೂವತ್ತು ವರ್ಷದ ಮೇಲೆ ಹೊರಬಿತ್ತು.

ನೈಟ್‌ಕ್ರಾಲರ್ ವಿಷಯದಲ್ಲಿ ಗದ್ಯಕ್ಕೇ ನನ್ನ ಓಟು. ಅವನು ಮಾಯವಾದ ಜಾಗದಲ್ಲಿ ಹೊಗೆ, ಗಂಧಕದ ವಾಸನೆ ಉಳಿಯುತ್ತದೆ. ಚಿತ್ರ ಬರೆಯುವವನು ಹೊಗೆ ಬರೆಯಬಹುದು, ವಾಸನೆ ಹೇಗೆ ಬರೆದಾನು? ಗದ್ಯದಲ್ಲಿ ಗಂಧಕ ಅಂದರೆ ಸಾಕು, ದೀಪಾವಳಿಯ ಮಾರನೇ ಬೆಳಗ್ಗೆ ಬೀದಿ ಗುಡಿಸುವಾಗಿನ ಮೂಗು ತಾನೇ ತೆರೆದುಕೊಳ್ಳುತ್ತದೆ. ತಂಡದ ಜೀನ್ ಗ್ರೇ ಇನ್ನೊಬ್ಬರ ಮನಸ್ಸಿಗೆ ಇಳಿಯುವುದೂ ಹಾಗೆಯೇ. ಚಿತ್ರದಲ್ಲಿ ತಲೆಯ ಮೇಲೊಂದು ಮೋಡ ಕಟ್ಟಬೇಕು. ಇಲ್ಲಿ ಓದುಗನೇ ಒಳಗೆ ಇಳಿದಿರುತ್ತಾನೆ, ಪಾಸ್ ಬೇಕಿಲ್ಲ.

"ಆದ್ರೂ ಒಂದು ಕೊರತೆ ಇದೆ," ಅಂದಳು ಸುಮ. "ಈ ಕಾದಂಬರೀಲಿ ಯಾರೂ ಸಾಯಲ್ಲ. ಮದುವೆ ಆಗಲ್ಲ. ಕಡೇ ಪುಟದಲ್ಲಿ ಎಲ್ಲಾ ಮೊದಲಿನ ಹಾಗೇ."

"ಬಾಡಿಗೆ ಮನೆ ಅಲ್ವೇನಮ್ಮಾ!" ನಾಣಿ ತನ್ನ ಹೊಲಕ್ಕೆ ಬಂದ. "ಪಾತ್ರ ಕಂಪನೀದು. ಮುಂದಿನ ತಿಂಗಳು ಕಾಮಿಕ್ಸ್ ಬರಬೇಕು. ಗೋಡೆಗೆ ಮೊಳೆ ಹೊಡೆಯೋ ಹಾಗಿಲ್ಲ. ಬಿಡುವಾಗ ಸುಣ್ಣ ಬಳಿದು ಕೀಲಿಕೈ ಕೊಟ್ಟು ಹೋಗಬೇಕು."

"ಅದಕ್ಕೇ 'ಗೇಮ್ ಆಫ್ ಥ್ರೋನ್ಸ್' ಬರೆದ ಮಾರ್ಟಿನ್ ಸ್ವಂತ ಸೈಟ್ ತಗೊಂಡದ್ದು," ಅಂದೆ. ಹುಡುಗನಾಗಿದ್ದಾಗ ಜಾರ್ಜ್ ಮಾರ್ಟಿನ್ ಫೆಂಟಾಸ್ಟಿಕ್ ಫೋರ್‌ಗೆ ಬರೆದ ಅಭಿಮಾನಿ ಪತ್ರ 1963ರಲ್ಲಿ ಆ ಕಾಮಿಕ್ಸಿನಲ್ಲೇ ಅಚ್ಚಾಗಿತ್ತು. ದೊಡ್ಡವನಾದ ಮೇಲೆ ಗೆಳೆಯನೊಬ್ಬ ಹುಟ್ಟುಹಬ್ಬಕ್ಕೆ 'ಸೂಪರ್‌ವರ್ಲ್ಡ್' ಅನ್ನುವ, ಸೂಪರ್ ಹೀರೋ ಪಾತ್ರ ವಹಿಸಿ ಆಡುವ ಆಟ ಕೊಟ್ಟ. ಬರಹಗಾರ ಗೆಳೆಯರೆಲ್ಲ ಸೇರಿ ರಾತ್ರಿಯೆಲ್ಲ ಆಡಿದರು, ಬರೆಯುವ ಕೆಲಸ ಮೂಲೆ ಸೇರಿತು. ಹಾಳಾದ ಹೊತ್ತಿಗೆ ದುಡ್ಡು ಹುಟ್ಟಿಸೋಣ ಅಂತ ಅದನ್ನೇ ಕಥೆ ಮಾಡಿದರು. 1987ರಲ್ಲಿ 'ವೈಲ್ಡ್ ಕಾರ್ಡ್ಸ್' ಪುಸ್ತಕಮಾಲೆ ಶುರುವಾಯಿತು. ಒಂದು ವೈರಸ್ 1946ರಲ್ಲಿ ನ್ಯೂಯಾರ್ಕ್ ಮೇಲೆ ಬೀಳುತ್ತದೆ. ತಗುಲಿದ 100 ಜನರಲ್ಲಿ 90 ಜನ ಸಾಯುತ್ತಾರೆ, 9 ಜನ ವಿಕಾರವಾಗುತ್ತಾರೆ, ಒಬ್ಬನಿಗೆ ಮಾತ್ರ ಶಕ್ತಿ. ಅಲ್ಲಿ ಗೋಡೆಯೇ ಕೆಡವಬಹುದು, ಕೇಳುವ ಓನರ್ ಇಲ್ಲ.

"ನಮ್ಮ ಹರಟೆಯಿಂದ ಇಷ್ಟು ವರ್ಷದಲ್ಲಿ ಏನಾದ್ರೂ ಹುಟ್ಟಿದೆಯಾ?" ಅಂದಳು ಸುಮ.

"ಬಿಲ್ಲು," ಅಂದ ನಾಣಿ.

ಬಾಹ್ಯಾಕಾಶದ ಟಿವಿ ಧಾರಾವಾಹಿ ಸ್ಟಾರ್ ಟ್ರೆಕ್‌ನವರೂ ಎಕ್ಸ್‌-ಮೆನ್ನೂ ಒಂದೇ ಪುಸ್ತಕದಲ್ಲಿ ಸೇರುವ 'ಪ್ಲಾನೆಟ್ ಎಕ್ಸ್' 1998ರಲ್ಲಿ ಬಂತು ಅಂದಾಗ ಭಟ್ಟರು, ಎರಡು ಮೇಳ ಒಟ್ಟಿಗೆ ಆಡುವುದು ನೆನಪಾಗಿ, "ಜೋಡಾಟ!" ಅಂತ ಕೂಗಿ ಪಕ್ಕದ ಟೇಬಲ್ಲಿನವರ ಸಾಂಬಾರ್ ಚೆಲ್ಲಿಸಿದರು. ಆ ಧಾರಾವಾಹಿಯಲ್ಲಿ ಕ್ಯಾಪ್ಟನ್ ಪಿಕಾರ್ಡ್ ಆಗಿದ್ದ ಬೋಳುತಲೆಯ ಪ್ಯಾಟ್ರಿಕ್ ಸ್ಟೀವರ್ಟ್ ಸಿನಿಮಾದಲ್ಲಿ ಎಕ್ಸ್‌-ಮೆನ್ ಗುರು ಪ್ರೊಫೆಸರ್ ಎಕ್ಸ್ ಆದದ್ದು 2000ದಲ್ಲಿ, ಪುಸ್ತಕಕ್ಕಿಂತ ಎರಡು ವರ್ಷ ಈಚೆಗೆ. ಇದನ್ನು ಹೇಳಿ ನಾನು ಹೆಮ್ಮೆಯಿಂದ ಸುತ್ತ ನೋಡಿದೆ. ಎಲ್ಲರೂ ಸಾಂಬಾರ್ ಒರೆಸುತ್ತಿದ್ದರು.

"ಅಲ್ಲಾ, ಮೂರು ಭಾಗ ಅಂದೆ," ಅಂದ ನಾಣಿ, ಬಟ್ಟೆ ಹಿಂಡುತ್ತ. "ಇಲ್ಲಿರೋದು ಎರಡೇ."

"ಮೊದಲನೇದು, ಮೂರನೇದು. ಅವೆನ್ಯೂ ರೋಡಲ್ಲಿ ಸಿಕ್ಕಿದ್ದು, ಇಪ್ಪತ್ತು ವರ್ಷ ಆಯ್ತು. ಮಧ್ಯದ್ದು ಹುಡುಕದ ಅಂಗಡಿ ಇಲ್ಲ. ಮೂರನೇದು ತೆರೆದ್ರೆ ಮ್ಯಾನ್‌ಹ್ಯಾಟನ್ ಆಗಲೇ ಮ್ಯಾಗ್ನೆಟೋ ಕೈ ಸೇರಿದೆ. ಹೇಗೆ ಹೋಯ್ತು, ಯಾರು ಬಿಟ್ರು, ಇವತ್ತಿಗೂ ಗೊತ್ತಿಲ್ಲ."

"ಸೆಂಟಿನೆಲ್‌ಗಳನ್ನ ತಗೊಂಡು ಬಂದು ಹಿಡ್ಕೊಂಡ," ಅಂದ ಮಂಜ.

ಈ ಸಲ ಯಾರೂ ಅಡ್ಡ ಬರಲಿಲ್ಲ.

"ಆ ದೊಡ್ಡ ರೋಬೋಗಳು ಇದಾವಲ್ಲ, ಅವು. ಎರಡನೇದು ನಮ್ಮನೇಲಿದೆ. ಅವತ್ತು ಒಟ್ಟಿಗೇ ಹೋಗಿದ್ವಿ. ನೀನು ಚಿಲ್ಲರೆ ತರ್ತೀನಿ ಅಂತ ಆ ಕಡೆ ಹೋದೆ. ಅಂಗಡಿಯವನು ಇದೊಂದು ಹತ್ತು ರೂಪಾಯಿಗೆ ಕೊಡ್ತೀನಿ ಅಂದ. ತಗೊಂಡೆ. ಆಮೇಲೆ ಒಂದನೇದು, ಮೂರನೇದಕ್ಕೆ ನಾನೂ ಹುಡುಕ್ತಾನೇ ಇದೀನಿ."

"ಇಪ್ಪತ್ತು ವರ್ಷ! ಹೇಳೋಕೇನಾಗಿತ್ತೋ ನಿಂಗೆ?"

"ಬಿಟ್ರೆ ತಾನೆ."

ಈಗ ತಕರಾರು ಇರುವುದು ಯಾರು ಯಾರಿಗೆ ಕೊಡಬೇಕು ಅನ್ನುವುದರಲ್ಲಿ. ನನ್ನ ಹತ್ತಿರ ಎರಡಿವೆ, ಅವನ ಹತ್ತಿರ ಒಂದು. ಬಹುಮತ ನನ್ನದು. ಮಂಜ ಕಾಫಿ ಲೋಟ ಕೆಳಗಿಟ್ಟು, ನನ್ನ ಎರಡೂ ಪುಸ್ತಕ ಎತ್ತಿ ಚಟ್ನಿ ಒರೆಸಿ, ತನ್ನ ಚೀಲಕ್ಕೆ ಹಾಕಿಕೊಂಡ.

"ಓದಿ ಕೊಡ್ತೀನಿ," ಅಂದ.